ಬಚ್ಚಲು ಒಡೆಯುವ ಮುನ್ನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಕಟ್ಟಿದ ಮನೆಯ ಬಚ್ಚಲನ್ನು ಮತ್ತೆ ಒಡೆದು ಕಟ್ಟುವ ಪ್ರಮೇಯ ಬಂದಿರಲಾರದು. ಬಂದಿದ್ದರೆ ಗಾದೆಗೆ ಮೂರನೆಯ ಮಾತೊಂದು ಸೇರಿಕೊಳ್ಳುತ್ತಿತ್ತು. ಬಾಗಿಲು ಕೆಟ್ಟರೆ ಬಡಗಿ ಬಂದು ಅರ್ಧ ದಿನದಲ್ಲಿ ಸರಿಪಡಿಸಿ ಹೋಗುತ್ತಾನೆ. ಗೋಡೆಗೆ ಸುಣ್ಣ ಬಳಿಯುವುದು ಹಬ್ಬದ ಸಡಗರದಲ್ಲೇ ಮುಗಿದುಹೋಗುತ್ತದೆ. ಬಚ್ಚಲಿನ ವಿಷಯ ಹಾಗಲ್ಲ. ಒಮ್ಮೆ ಸುತ್ತಿಗೆ ಏಟು ಬಿದ್ದಿತೆಂದರೆ ಮನೆಯವರ ದಿನಚರಿಯೇ ತಲೆಕೆಳಗಾಗುತ್ತದೆ. ಮಕ್ಕಳು ಪಕ್ಕದ ಮನೆಗೆ ಸ್ನಾನಕ್ಕೆ ಹೋಗಬೇಕು, ವೃದ್ಧರನ್ನು ಮಗಳ ಮನೆಗೆ ಕಳಿಸಬೇಕು, 'ಹತ್ತು ದಿನದ ಕೆಲಸ ಸಾರ್' ಎಂದ ಮೇಸ್ತ್ರಿಯ ದಾರಿಯನ್ನು ತಿಂಗಳುಗಟ್ಟಲೆ ಕಾಯಬೇಕು.

ಮೇಸ್ತ್ರಿ ಕೆಟ್ಟವನೆಂದೋ ಮನೆಯವರು ಜಿಪುಣರೆಂದೋ ಹೇಳಿದರೆ ಇದಕ್ಕೆ ಪೂರ್ತಿ ಉತ್ತರ ಸಿಕ್ಕಂತಾಗುವುದಿಲ್ಲ. ಹಿತ್ತಲಿನಲ್ಲಿದ್ದ ಬಚ್ಚಲು ಮನೆಯೊಳಕ್ಕೆ ಬಂದದ್ದು ಹೇಗೆ, ಅದರ ಕೆಲಸವನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬೆಳೆದದ್ದು ಹೇಗೆ ಎಂಬ ಎರಡು ಕತೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಈ ಜಗಳದ ಬೇರು ಕಾಣಿಸುತ್ತದೆ.

ಹಂಡೆಯ ಕಾಲ

ಬಚ್ಚಲು ಮನೆಯೊಳಗಿರುವುದು ಹೊಸ ಸಂಗತಿಯೇನಲ್ಲ. ಸಿಂಧೂ ನಾಗರಿಕತೆಯ ಮೊಹೆಂಜೊದಾರೊದಲ್ಲಿ 1922ರಿಂದ ಉತ್ಖನನ ನಡೆದಾಗ, ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಮನೆಗಳಲ್ಲಿ ಸ್ನಾನದ ಕೋಣೆಗಳು ಕಂಡವು. ಅವುಗಳ ನೆಲಕ್ಕೆ ಇಟ್ಟಿಗೆಗಳನ್ನು ಒತ್ತೊತ್ತಾಗಿ ಜೋಡಿಸಿದ್ದರು. ನೀರು ಒಂದು ಮೂಲೆಗೆ ಹರಿಯುವಂತೆ ಇಳಿಜಾರು ಕೊಟ್ಟಿದ್ದರು. ಅಲ್ಲಿಂದ ಬೀದಿಯ ಮುಚ್ಚಿದ ಚರಂಡಿಗೆ ದಾರಿಯಿತ್ತು. ಅಲ್ಲಿನ ದೊಡ್ಡ ಸ್ನಾನಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲವಿದ್ದು, ಅದರ ನೀರು ಜಿನುಗದಂತೆ ಜಿಪ್ಸಂ ಗಾರೆಯ ಜೊತೆಗೆ ಕಲ್ಲರಗಿನ ಪದರವನ್ನೂ ಬಳಸಿದ್ದರು. ಇಳಿಜಾರು, ಹೊರದಾರಿ, ಜಿನುಗು ತಡೆಯುವ ಪದರ – ಈ ಮೂರೂ ಅಂದೇ ಮನುಷ್ಯನಿಗೆ ತಿಳಿದಿದ್ದವು. ಇಂದು ಕೆಟ್ಟ ಬಚ್ಚಲು ಎನಿಸಿಕೊಳ್ಳುವುದರಲ್ಲಿ ಈ ಮೂರರಲ್ಲೊಂದು ತಪ್ಪಿರುತ್ತದೆ.

ಕನ್ನಡ ನಾಡಿನಲ್ಲಿ ಅರಸರ ಸ್ನಾನಗೃಹಗಳ ಕುರುಹು ಬೇಕಾದಷ್ಟಿವೆ. ಹಂಪಿಯಲ್ಲಿ ರಾಣಿಯರ ಸ್ನಾನಗೃಹವೆಂದು ಕರೆಯುವ ಕಟ್ಟಡವಿದೆ. ಬೀದರ್ ಕೋಟೆಯಲ್ಲಿ ಶಾಹಿ ಹಮಾಮು ಇದೆ. ಆದರೆ ಸಾಮಾನ್ಯರ ಬಚ್ಚಲುಮನೆ ಬೇರೆಯೇ ಬಗೆಯದು. ಅದು ಮನೆಯ ಹಿಂಭಾಗದಲ್ಲಿ, ಬಾವಿಗೆ ಹತ್ತಿರ ಇರುತ್ತಿತ್ತು. ಒಂದು ಮೂಲೆಯಲ್ಲಿ ಮಣ್ಣಿನ ಒಲೆ. ಅದರ ಮೇಲೆ ಹೂತ ತಾಮ್ರದ ಹಂಡೆ. ಪಕ್ಕದಲ್ಲಿ ತಣ್ಣೀರ ತೊಟ್ಟಿ. ಕುಳಿತು ಮೀಯಲು ಒಂದು ಹಾಸುಗಲ್ಲು. ಹಲವು ಮನೆಗಳಲ್ಲಿ ಒಲೆಯ ಬಾಯಿ ಹೊರಗಡೆಗಿದ್ದು ಹೊಗೆ ಒಳಗೆ ಬರುತ್ತಿರಲಿಲ್ಲ. ತೆಂಗಿನ ಗರಿ, ಮೊಟ್ಟೆ, ಕಾಯಿಸಿಪ್ಪೆ ಉರುವಲಾಗುತ್ತಿದ್ದವು. ಮಲೆನಾಡಿನಲ್ಲಿ ಗುಡ್ಡದ ಅಬ್ಬಿ ನೀರು ಅಡಿಕೆ ದಬ್ಬೆಯಲ್ಲಿ ಹರಿದು ನೇರವಾಗಿ ಬಚ್ಚಲ ತೊಟ್ಟಿಗೇ ಬೀಳುತ್ತಿತ್ತು. ಮಳೆಗಾಲದಲ್ಲಿ ಅಲ್ಲಿನ ಒಲೆ ಆರುತ್ತಲೇ ಇರಲಿಲ್ಲ. ಬಚ್ಚಲ ನೀರು ಮೋರಿಯಲ್ಲಿ ಹರಿದು ಬಾಳೆಗೋ ಕೆಸುವಿಗೋ ಸೇರುತ್ತಿತ್ತು.

ದೀಪಾವಳಿಯ ನೀರು ತುಂಬುವ ಹಬ್ಬದಂದು ಇದೇ ಹಂಡೆಯನ್ನು ಹುಣಿಸೆಹಣ್ಣು ಹಾಕಿ ಬೆಳಗಿ, ಸುಣ್ಣ ಜಾಜಿಯಿಂದ ಗೆರೆ ಎಳೆದು ಪೂಜಿಸುವ ಪದ್ಧತಿ ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿದೆ. ವರ್ಷಕ್ಕೊಮ್ಮೆಯಾದರೂ ಇಡೀ ಮನೆಯ ಕಣ್ಣು ಬಚ್ಚಲಿನ ಮೇಲೆ ಬೀಳುತ್ತಿತ್ತು. ಬಿರುಕು ಬಿಟ್ಟ ಗಾರೆ, ಸಡಿಲಾದ ಕಲ್ಲು ಆಗಲೇ ದುರಸ್ತಿಯಾಗುತ್ತಿದ್ದವು.

ಈ ಚಿತ್ರಕ್ಕೆ ಕಪ್ಪು ಮಗ್ಗುಲೊಂದಿದೆ. ಬಚ್ಚಲು ಹಿತ್ತಲಿನಲ್ಲಿದ್ದರೆ ಕಕ್ಕಸು ಅದಕ್ಕೂ ಆಚೆ, ಕಾಂಪೌಂಡಿನ ಅಂಚಿನಲ್ಲಿತ್ತು. 1890ರ ದಶಕದಲ್ಲಿ ರೂಪುಗೊಂಡ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕಾಣುವ ಕಿರಿದಾದ ಗಲ್ಲಿಗಳು ಆ ಕಾಲದ ಸಾಕ್ಷಿ. ಮುಂಬಾಗಿಲಿಗೆ ಬರಲು ಬಿಡದ ಜನರನ್ನು ಹಿಂಬಾಗಿಲಿನಿಂದ ಕರೆಸಿ ಮಲ ಹೊರಿಸಲು ಮಾಡಿದ ದಾರಿ ಅದು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶಕ್ಕೆಲ್ಲ ಅನ್ವಯಿಸುವ ಕಾನೂನು 1993ರಲ್ಲಿ, ಇನ್ನಷ್ಟು ಬಿಗಿಯಾದ ಕಾನೂನು 2013ರಲ್ಲಿ ಬಂದವು. ಕಕ್ಕಸು ಮನೆಯೊಳಕ್ಕೆ ಬಂದದ್ದು ಬರೀ ಅನುಕೂಲದ ಕತೆಯಲ್ಲ ಎಂಬುದನ್ನು ಮರೆಯುವಂತಿಲ್ಲ.

ನಲ್ಲಿ ಬಂತು, ಗೋಡೆ ತೋಯಿತು

ಹಿತ್ತಲಿನ ಬಚ್ಚಲನ್ನು ಒಳಕ್ಕೆ ಎಳೆದು ತಂದದ್ದು ಕೊಳಾಯಿ. ಬೆಂಗಳೂರಿಗೆ ಹೆಸರಘಟ್ಟದ ಕೆರೆಯಿಂದ ನಲ್ಲಿ ನೀರು ಬಂದದ್ದು 1896ರಲ್ಲಿ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ನಗರದ ದೀಪಗಳನ್ನು ಬೆಳಗಿಸಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯ ನೀರು ಬಂದವು. ನಡುವೆ 1964ರಲ್ಲಿ ನಗರದ ನೀರು ಮತ್ತು ಒಳಚರಂಡಿಗೆಂದೇ ಪ್ರತ್ಯೇಕ ಮಂಡಳಿ ಸ್ಥಾಪನೆಯಾಯಿತು. ನೀರು ಕೊಳವೆಯಲ್ಲಿ ಬಂದು ಕೊಳವೆಯಲ್ಲೇ ಹೋಗುವಂತಾದ ಮೇಲೆ ಬಚ್ಚಲು ಬಾವಿಯ ಪಕ್ಕದಲ್ಲೇ ಇರಬೇಕೆಂಬ ನಿರ್ಬಂಧ ಹೋಯಿತು. ಒಲೆಯ ಬದಲು ತಾಮ್ರದ ಬಾಯ್ಲರ್, ಅನಂತರ ಗೀಸರ್ ಬಂದಮೇಲೆ ಹೊಗೆಯ ಭಯವೂ ಹೋಯಿತು.

ಕಕ್ಕಸು ಒಳಗೆ ಬರಲು ಇದ್ದ ಇನ್ನೊಂದು ಅಡ್ಡಿ ವಾಸನೆ. ಅದಕ್ಕೆ ಪರಿಹಾರ ಸಿಕ್ಕಿದ್ದು ಬಗ್ಗಿದ ಕೊಳವೆಯಲ್ಲಿ. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕೊಳವೆಯ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತು, ಚರಂಡಿಯ ಗಾಳಿ ಮೇಲೇರದಂತೆ ತಡೆಯುತ್ತದೆ. ನಮ್ಮ ಬಚ್ಚಲಿನ ಮೂಲೆಯ ಜಾಲರಿಯ ಕೆಳಗೆ ಇರುವುದೂ ಅದೇ ತತ್ತ್ವ. ಮೇಸ್ತ್ರಿಗಳು ಅದನ್ನು 'ನಹಾನಿ ಟ್ರ್ಯಾಪ್' ಎನ್ನುತ್ತಾರೆ. ಹೆಸರಿನ ಮೊದಲ ಪದಕ್ಕೆ ಮರಾಠಿ ನಂಟಿದೆ. ಅಲ್ಲಿ 'ನ್ಹಾಣಿ' ಎಂದರೆ ಮೀಯುವ ಜಾಗ. 'ಪ್ಲಂಬರ್' ಬಂದದ್ದು ಸೀಸಕ್ಕೆ ಲ್ಯಾಟಿನ್ನಿನಲ್ಲಿರುವ ಹೆಸರಿನಿಂದ. 'ಮೇಸ್ತ್ರಿ' ಪೋರ್ಚುಗೀಸರ 'ಮೆಸ್ತ್ರೆ' ಎಂಬುದರ ಕನ್ನಡ ರೂಪ. ಗುರು, ಕಸುಬಿನಲ್ಲಿ ಪಳಗಿದವನು ಎಂದು ಅರ್ಥ. ಒಂದು ಸಣ್ಣ ಬಚ್ಚಲಿನಲ್ಲಿ ಇಷ್ಟು ಭಾಷೆಗಳು ಕೂಡಿವೆ.

ಆದರೆ ಒಳಗೆ ಬಂದ ಬಚ್ಚಲು ಹೊಸ ತೊಂದರೆಯನ್ನೂ ತಂದಿತು. ಹಿತ್ತಲಿನಲ್ಲಿ ನೀರು ಜಿನುಗಿದರೆ ಮಣ್ಣು ಕುಡಿಯುತ್ತಿತ್ತು. ಮಹಡಿಯ ಮೇಲೆ ಜಿನುಗಿದರೆ ಕೆಳಗಿನ ಮನೆಯ ಸೂರು ತೋಯುತ್ತದೆ. ಹಳೆಯ ಗಾರೆ ಕೆಲಸದವರು ಸುಣ್ಣಕ್ಕೆ ಇಟ್ಟಿಗೆಯ ಪುಡಿಯಾದ ಸುರ್ಕಿ ಬೆರೆಸಿ, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ದಿನಗಟ್ಟಲೆ ಅರೆದು, ಬಡಿದು ಕೂರಿಸುತ್ತಿದ್ದರು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ ನಿಂತಿರುವುದೂ ಸುರ್ಕಿ ಗಾರೆಯ ಮೇಲೆಯೇ. ಇಂಗ್ಲೆಂಡಿನಲ್ಲಿ 1824ರಲ್ಲಿ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟ್, 1938ರಲ್ಲಿ ಭದ್ರಾವತಿಯಲ್ಲೇ ತಯಾರಾಗತೊಡಗಿತು. ಸಿಮೆಂಟು ಬೇಗ ಗಟ್ಟಿಯಾಗುತ್ತದೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ಸರಿಯಾಗಿ ನೀರುಣಿಸದಿದ್ದರೆ ಕೂದಲೆಳೆಯ ಬಿರುಕು ಬಿಡುತ್ತದೆ. ನೀರಿಗೆ ಅಷ್ಟು ದಾರಿ ಸಾಕು.

ಸಿಮೆಂಟಿಗೆ ಸರ್ಕಾರದ ನಿಯಂತ್ರಣವಿದ್ದ ಕಾಲವೂ ಒಂದಿತ್ತು. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿಯಾಗಿ ಆ ನಿಯಂತ್ರಣ ಹೋಯಿತು. ಅಲ್ಲಿಯವರೆಗೆ ಪರ್ಮಿಟ್ಟಿಗಾಗಿ ಅಲೆದವರಿಗೆ ಬಚ್ಚಲು ಒಡೆಯುವ ಯೋಚನೆ ಬರುವುದೇ ಅಪರೂಪ. 1990ರ ದಶಕದಲ್ಲಿ ಸಿಮೆಂಟು ಅಂಗಡಿಯಲ್ಲಿ ಸಿಗತೊಡಗಿತು, ಕಬ್ಬಿಣದ ಕೊಳವೆಯ ಜಾಗಕ್ಕೆ ಪಿ.ವಿ.ಸಿ. ಬಂತು, ಗುಜರಾತಿನ ಮೋರ್ಬಿಯ ಹೊಳೆಯುವ ಟೈಲ್ಸು ಲಾರಿಗಳಲ್ಲಿ ಬಂದಿಳಿಯಿತು. ಕೆಂಪು ಗಾರೆಯ ನೆಲ, ಶಹಾಬಾದ್ ಕಲ್ಲಿನ ಹಾಸು ಹಳೆಯದೆನಿಸಿದವು. ಬಚ್ಚಲನ್ನು 'ಹೊಸದು ಮಾಡಿಸುವುದು' ಎಂಬ ಆಸೆ ಮಧ್ಯಮ ವರ್ಗದ ಮನೆಗಳಿಗೆ ಬಂದದ್ದು ಹೀಗೆ.

ಗುತ್ತಿಗೆಯ ಹಳೆಯ ಬೇರು

ಇನ್ನು ಎರಡನೆಯ ಕತೆ. ಕಟ್ಟುವವನನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ನಾಗರಿಕತೆಯಷ್ಟೇ ಹಳೆಯದು. ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಸುಮಾರು ಕ್ರಿ.ಪೂ. 1750ರ ವೇಳೆಗೆ ಕಲ್ಲಿನಲ್ಲಿ ಕೆತ್ತಿಸಿದ ಕಾನೂನುಗಳಲ್ಲಿ ಮನೆ ಕಟ್ಟುವವನ ಸಂಭಾವನೆಯೂ ಇದೆ, ಹೊಣೆಯೂ ಇದೆ. ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೂ ಮರಣದಂಡನೆ. ಗೋಡೆ ವಾಲಿದರೆ ಆತ ಸ್ವಂತ ಹಣದಲ್ಲಿ ಅದನ್ನು ಭದ್ರಪಡಿಸಿ ಕೊಡಬೇಕು.

ಕ್ರಿ.ಪೂ. ಮೊದಲ ಶತಮಾನದ ರೋಮನ್ ಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದಲ್ಲಿ ಎಫೆಸಸ್ ಎಂಬ ಗ್ರೀಕ್ ನಗರದ ಪದ್ಧತಿಯೊಂದನ್ನು ಮೆಚ್ಚಿ ಹೇಳುತ್ತಾನೆ. ಅಲ್ಲಿ ಸಾರ್ವಜನಿಕ ಕಟ್ಟಡವನ್ನು ವಹಿಸಿಕೊಳ್ಳುವವನು ಮೊದಲೇ ವೆಚ್ಚದ ಅಂದಾಜು ಕೊಟ್ಟು, ಕೆಲಸ ಮುಗಿಯುವವರೆಗೆ ತನ್ನ ಆಸ್ತಿಯನ್ನು ಒತ್ತೆಯಿಡಬೇಕಿತ್ತು. ಅಂದಾಜಿನಷ್ಟೇ ಖರ್ಚಾದರೆ ಸನ್ಮಾನ. ಕಾಲು ಭಾಗದವರೆಗೆ ಹೆಚ್ಚಾದರೆ ಊರಿನ ಬೊಕ್ಕಸದಿಂದ ತುಂಬುತ್ತಿದ್ದರು. ಅದಕ್ಕೂ ಮೀರಿದರೆ ಆತನ ಆಸ್ತಿಯಿಂದ ವಸೂಲು. ಇಂಥ ಕಾನೂನು ರೋಮಿನಲ್ಲಿಯೂ, ಖಾಸಗಿ ಮನೆಗಳಿಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂಬುದು ವಿಟ್ರೂವಿಯಸ್ಸನ ಕೊರಗು. ಎರಡು ಸಾವಿರ ವರ್ಷಗಳ ಹಿಂದೆಯೂ ಎಸ್ಟಿಮೇಟು ಮೀರುವುದು ಮಾಮೂಲಾಗಿತ್ತು ಎಂದಾಯಿತು.

'ಗುತ್ತಿಗೆ' ನಮ್ಮಲ್ಲಿ ಮೊದಲು ಭೂಮಿಗೆ ಸೇರಿದ ಪದ. ಇಂತಿಷ್ಟೆಂದು ಗೊತ್ತುಮಾಡಿ ಜಮೀನು ವಹಿಸಿಕೊಡುವುದಕ್ಕೆ ಅದನ್ನು ಬಳಸುತ್ತಿದ್ದರು. ಕಟ್ಟಡದ ಕೆಲಸಕ್ಕೆ ಅದು ಗಟ್ಟಿಯಾಗಿ ಅಂಟಿಕೊಂಡದ್ದು ಬ್ರಿಟಿಷರ ಕಾಲದ ಲೋಕೋಪಯೋಗಿ ಇಲಾಖೆಯಿಂದ. ಮೈಸೂರು ಸಂಸ್ಥಾನದಲ್ಲಿ ಈ ಇಲಾಖೆ ತಲೆಯೆತ್ತಿದ್ದು 1850ರ ದಶಕದಲ್ಲಿ. ಟೆಂಡರು, ಎಸ್ಟಿಮೇಟು, ದರಪಟ್ಟಿ, ಅಳತೆ ಪುಸ್ತಕ, ಬಿಲ್ಲು, ಠೇವಣಿ – ಇವೆಲ್ಲ ಅಲ್ಲಿಂದ ಬಂದವು. ಇಲಾಖೆಯಲ್ಲಿ ಎಂಜಿನಿಯರು ಅಳೆದು ಪುಸ್ತಕದಲ್ಲಿ ಬರೆದ ಮೇಲೆಯೇ ಹಣ; ದೋಷ ಕಂಡರೆ ಸರಿಪಡಿಸುವವರೆಗೆ ಒಂದಿಷ್ಟು ಹಣ ತಡೆ.

ಮನೆಗಳ ಕೆಲಸಕ್ಕೆ ಗುತ್ತಿಗೆಯ ಹೆಸರು ಬಂತು, ಎಸ್ಟಿಮೇಟು ಎಂಬ ಮಾತು ಬಂತು; ಅಳತೆ ಪುಸ್ತಕ ಬರಲಿಲ್ಲ. ಎಲ್ಲವೂ ಬಾಯಿಮಾತು. ಹಿಂದೆ ಅದು ನಡೆಯುತ್ತಿತ್ತು. ಏಕೆಂದರೆ ಗಾರೆಯವನು ಅದೇ ಊರಿನವನು. ಅವನ ತಂದೆ ಆ ಮನೆ ಕಟ್ಟಿದವನು. ಮುಂದಿನ ಸುಗ್ಗಿಗೂ ಅವನು ಕಣ್ಣೆದುರಿಗೇ ಇರುತ್ತಿದ್ದ. ನಗರದಲ್ಲಿ ಮೇಸ್ತ್ರಿಯನ್ನು ಗೊತ್ತುಮಾಡುವುದು ಹಾರ್ಡ್‌ವೇರ್ ಅಂಗಡಿಯವರ ಶಿಫಾರಸಿನ ಮೇಲೆ. ಅವನ ಕೈಕೆಳಗಿನವರು ರಾಯಚೂರು, ಯಾದಗಿರಿಯಿಂದಲೋ, ರಾಜಸ್ಥಾನ, ಬಿಹಾರದಿಂದಲೋ ಬಂದವರು. ಕೆಲಸ ಮುಗಿದ ಮೇಲೆ ಯಾರು ಎಲ್ಲಿರುತ್ತಾರೋ ತಿಳಿಯದು. ನಂಬಿಕೆಯ ತಳಹದಿ ಹೋದರೂ ಬಾಯಿಮಾತಿನ ಪದ್ಧತಿ ಹಾಗೆಯೇ ಉಳಿಯಿತು.

ಅರ್ಧ ಚದರದ ಲೆಕ್ಕ

ಜಗಳ ಶುರುವಾಗುವುದು ಸಾಮಾನ್ಯವಾಗಿ ಲೆಕ್ಕದಲ್ಲಿ. ಮೈಸೂರು, ಬೆಂಗಳೂರು ಕಡೆ ಮನೆಯ ಕೆಲಸವನ್ನು 'ಚದರ'ದಲ್ಲಿ ಮಾತಾಡುತ್ತಾರೆ. ಒಂದು ಚದರ ಎಂದರೆ 100 ಚದರಡಿ. ಐದು ಅಡಿ ಅಗಲ, ಎಂಟು ಅಡಿ ಉದ್ದದ ಬಚ್ಚಲು 40 ಚದರಡಿ. ಅರ್ಧ ಚದರವೂ ಇಲ್ಲ. 'ಇಷ್ಟು ಪುಟ್ಟ ಕೋಣೆಗೆ ಅಷ್ಟು ದುಡ್ಡೇ?' ಎಂದು ಮನೆಯವರು ಹುಬ್ಬೇರಿಸುವುದು ಇದಕ್ಕೇ.

ಆದರೆ ಬಚ್ಚಲಿಗೆ ನೆಲದಷ್ಟೇ ಗೋಡೆಯೂ ಮುಖ್ಯ. ನಾಲ್ಕು ಗೋಡೆಗಳ ಸುತ್ತಳತೆ 26 ಅಡಿ. ಏಳು ಅಡಿ ಎತ್ತರದವರೆಗೆ ಟೈಲ್ಸು ಹಾಕಿದರೆ 182 ಚದರಡಿ. ಎರಡೂವರೆ ಅಡಿ ಅಗಲದ ಬಾಗಿಲಿನ ಜಾಗ ಕಳೆದರೂ 164 ಚದರಡಿಗೆ ಕಡಿಮೆಯಿಲ್ಲ. ನೆಲ ಸೇರಿ 204 ಚದರಡಿ ದಾಟುತ್ತದೆ. ಇದರ ಮೇಲೆ ಒಡೆಯುವವರ ಕೂಲಿ, ಮಣ್ಣು ಸಾಗಿಸುವ ಗಾಡಿ, ಪ್ಲಂಬರ್, ಎಲೆಕ್ಟ್ರೀಷಿಯನ್, ಟೈಲ್ಸಿನವನು, ಬಾಗಿಲಿಗೆ ಬಡಗಿ. ನಾಲ್ವರು ಒಟ್ಟಿಗೆ ನಿಲ್ಲಲಾಗದ ಜಾಗದಲ್ಲಿ ಐದು ಕಸುಬಿನವರು ಒಬ್ಬರಾದ ಮೇಲೆ ಒಬ್ಬರು ದುಡಿಯಬೇಕು. ಪ್ಲಂಬರ್ ಒಂದು ದಿನ ಕೈಕೊಟ್ಟರೆ ಟೈಲ್ಸಿನವನು ಬೇರೆ ಕೆಲಸಕ್ಕೆ ಹೋಗುತ್ತಾನೆ. ಅವನು ಮರಳುವುದು ವಾರದ ನಂತರ. ಹತ್ತು ದಿನ ತಿಂಗಳಾಗುವುದು ಹೀಗೆ.

ಇನ್ನೊಂದು ಕಷ್ಟವೆಂದರೆ, ಹಳೆಯ ನೆಲ ಒಡೆಯುವವರೆಗೆ ಒಳಗೇನಿದೆ ಎಂಬುದು ಯಾರಿಗೂ ಕಾಣದು. ತುಕ್ಕು ಹಿಡಿದ ಕೊಳವೆ, ಒಡೆದ ಟ್ರ್ಯಾಪು, ತೇವದಿಂದ ಮೃದುವಾದ ಇಟ್ಟಿಗೆ ಹೊರಬರುತ್ತವೆ. ಆಗ ಮೇಸ್ತ್ರಿ 'ಇದು ಎಕ್ಸ್‌ಟ್ರಾ' ಎನ್ನುತ್ತಾನೆ. ಅವನ ಮಾತು ನಿಜವಿರಬಹುದು. ಆದರೆ ಮೊದಲು ಒಪ್ಪಿದ ಕೆಲಸ ಯಾವುದೆಂದು ಎಲ್ಲಿಯೂ ಬರೆದಿಲ್ಲವಾದ್ದರಿಂದ, ಎಕ್ಸ್‌ಟ್ರಾ ಯಾವುದು ಎಂಬುದನ್ನೂ ಸಾಧಿಸಲಾಗದು.

ಮುಂಗಡದ ಪ್ರಶ್ನೆಯೂ ಹೀಗೆಯೇ. ಶನಿವಾರ ಬಟವಾಡೆ ಮಾಡದಿದ್ದರೆ ಸೋಮವಾರ ಆಳು ಬರುವುದಿಲ್ಲ. ಹಿಂದಿನ ಮನೆಯ ಬಾಕಿ ಬರದ ಮೇಸ್ತ್ರಿ ಈ ಮನೆಯ ಮುಂಗಡದಲ್ಲಿ ಆ ಮನೆಯ ಕೂಲಿ ತೀರಿಸುತ್ತಾನೆ. ಈ ಮನೆಯ ಸಾಮಾನಿಗೆ ಮೂರನೆಯ ಮನೆಯ ಮುಂಗಡ ಬೇಕಾಗುತ್ತದೆ. ಆದ್ದರಿಂದಲೇ ಒಬ್ಬ ಮೇಸ್ತ್ರಿ ಒಂದೇ ಸಮಯಕ್ಕೆ ಮೂರು ಕಡೆ ಕೆಲಸ ಹಿಡಿದು ಎಲ್ಲಿಯೂ ಮುಗಿಸಲಾರದೆ ಒದ್ದಾಡುವುದು. ಮನೆಯವರ ಪಾಲಿಗೆ ಅದು ಮೋಸ. ಅವನ ಪಾಲಿಗೆ ಅದು ಬಂಡವಾಳವಿಲ್ಲದ ವ್ಯವಹಾರ. ಎರಡರ ನಡುವೆ ಸಿಕ್ಕಿ ನರಳುವವರು ಮಣ್ಣು ಹೊರುವ ಹೆಂಗಸರು ಮತ್ತು ದಿನಗೂಲಿಗಳು. ಕಟ್ಟಡ ಕಾರ್ಮಿಕರ ಹಿತಕ್ಕಾಗಿ 1996ರಲ್ಲಿ ಬಂದ ಕೇಂದ್ರದ ಕಾಯ್ದೆಯೂ ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯ ಕೆಲಸವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಬಚ್ಚಲಿನ ಕೆಲಸ ಬಹುಪಾಲು ಆ ಗೆರೆಯ ಹೊರಗೇ ಉಳಿಯಿತು.

ಕಾನೂನು ಏನೆನ್ನುತ್ತದೆ?

1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಕರಾರು ಮುರಿದವನು ಅದರಿಂದಾದ ನಷ್ಟ ತುಂಬಿಕೊಡಬೇಕು. ತೊಡಕಿರುವುದು ರುಜುವಾತಿನಲ್ಲಿ. ಕಟ್ಟಡ ಕೆಲಸ 'ಸೇವೆ'ಯೇ ಅಲ್ಲವೇ ಎಂಬ ವಾದ ಬಹುಕಾಲ ನಡೆದಿತ್ತು. 1993ರಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ ಮನೆ ನಿರ್ಮಾಣವೂ ಸೇವೆಯ ಪಟ್ಟಿಗೆ ಸೇರಿತು. ಅದೇ ವರ್ಷ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಹಳೆಯ ಕಾಯ್ದೆಯ ಜಾಗಕ್ಕೆ ಬಂದಿರುವ 2019ರ ಕಾಯ್ದೆಯಡಿ, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ಆದರೆ ಆಯೋಗದ ಮೆಟ್ಟಿಲು ಹತ್ತುವ ಮೊದಲು ಮಾಡಬಹುದಾದ ಕೆಲಸ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಯಾವ ಯಾವ ಕೆಲಸ, ಯಾವ ಸಾಮಾನನ್ನು ಯಾರು ತರಬೇಕು, ಒಡೆದ ಮಣ್ಣನ್ನು ಯಾರು ಸಾಗಿಸಬೇಕು, ಹಣ ಯಾವ ಹಂತಕ್ಕೆ ಎಷ್ಟು, ಹೆಚ್ಚಿನ ಕೆಲಸ ಬಂದರೆ ದರ ಹೇಗೆ ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕುವುದು. ಹಂತವೆಂದರೆ ದಿನಾಂಕವಲ್ಲ, ಒಡೆದದ್ದು, ಕೊಳವೆ ಹಾಕಿದ್ದು, ನೀರಿನ ಪರೀಕ್ಷೆ, ಟೈಲ್ಸು, ಕೊನೆಯ ಜೋಡಣೆ. ಪ್ರತಿ ಹಂತಕ್ಕೂ ಹಣ ಕೈಗೆ ಬರುವುದಾದರೆ ಮೇಸ್ತ್ರಿಗೂ ಶನಿವಾರದ ಬಟವಾಡೆ ಸಲೀಸು. ಗೋಡೆಯೊಳಗೆ ಕೊಳವೆ ಮುಚ್ಚುವ ಮುನ್ನ ಅದರ ಫೋಟೊ ತೆಗೆದಿಟ್ಟರೆ ಮುಂದೆ ಮೊಳೆ ಹೊಡೆಯುವವರಿಗೂ ಉಪಕಾರ. ಸ್ವಲ್ಪ ಹಣವನ್ನು ಒಂದು ಮಳೆಗಾಲ ಮುಗಿಯುವವರೆಗೆ ತಡೆಹಿಡಿಯುವುದಾದರೆ ಅದನ್ನೂ ಮೊದಲೇ ಬರೆಯಬೇಕು. ಕೊನೆಯಲ್ಲಿ ಹೇಳಿದರೆ ಅದು ಜಗಳವಾಗುತ್ತದೆ.

ಈ ಹಂತಗಳಲ್ಲಿ ನೀರಿನ ಪರೀಕ್ಷೆಯನ್ನು ಮಾತ್ರ ಬಿಡಲಾಗದು. ಜಿನುಗು ತಡೆಯುವ ಪದರ ಹಾಕಿ ಒಣಗಿದ ಮೇಲೆ, ಟೈಲ್ಸು ಹಾಕುವ ಮುಂಚೆ, ಹೊರದಾರಿಗೆ ಬಟ್ಟೆ ತುರುಕಿ ಬಚ್ಚಲಲ್ಲಿ ನೀರು ನಿಲ್ಲಿಸಿ ಎರಡು ಮೂರು ದಿನ ಬಿಡುತ್ತಾರೆ. ಅವಸರದ ಮನೆಯವರು 'ಅದೆಲ್ಲ ಯಾಕೆ, ಬೇಗ ಮುಗಿಸಿ' ಎನ್ನುವುದುಂಟು. ಅವಸರದ ಮೇಸ್ತ್ರಿಗೂ ಅದೇ ಬೇಕು. ಮುಂದೆ ಕೆಳಮನೆಯ ಸೂರಿನಲ್ಲಿ ಹಸಿರು ಕಲೆ ಮೂಡಿದಾಗ ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತಾರೆ.

ಕಸುಬು ಬಲ್ಲ ಮೇಸ್ತ್ರಿ ನೀರು ನಿಲ್ಲಿಸಿದ ಮೇಲೆ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾನೆ. ಮರುದಿನ, ಅದರ ಮರುದಿನ ಬಂದು ನೋಡುತ್ತಾನೆ. ಕೆಳಗಿನ ಮನೆಗೂ ಹೋಗಿ ಸೂರಿಗೆ ಅಂಗೈ ಇಟ್ಟು ನೋಡುತ್ತಾನೆ. ನೀರು ಗೆರೆಗೆ ಹತ್ತಿರವೇ ನಿಂತು, ಸೂರು ಒಣಗಿದ್ದರೆ, ಆ ದಿನ ಟೈಲ್ಸಿನವನಿಗೆ ಬರಲು ಹೇಳಬಹುದು.